ಬಂತೇನಲೇ?

ನಮ್ಮ ಚಿಗವ್ವ ರೊಟ್ಟಿ ಹಿಟ್ಟು ನಾದಬೇಕೆಂದರೆ, ಮನೆಯಲ್ಲಿ ಯಾರ್ಯಾರು ಫೋನು ಹಿಡಿದು ಕೂತಿದ್ದಾರೆ ಎಂದು ಮೊದಲು ವಿಚಾರಿಸಬೇಕಿತ್ತು. ಏಕೆಂದರೆ ಪರಾತ ಅಡುಗೆಮನೆಯ ನಾಗಂದಿಗೆಯ ಮೇಲಿರಲಿಲ್ಲ. ಅದು ಪಡಸಾಲೆಯಲ್ಲಿ, ವೈಫೈ ಡಬ್ಬಿಯ ಬೆನ್ನಿಗೆ, ಎರಡು ಇಟ್ಟಂಗಿಯ ಆಸರೆಯಲ್ಲಿ ಓರೆಯಾಗಿ ನಿಂತಿರುತ್ತಿತ್ತು. ಚಿಗವ್ವ ಎಸರಿಟ್ಟು, ಹಿಟ್ಟು ಸೋಸಿಕೊಂಡು, ಹೊಸ್ತಿಲಿಗೆ ಬಂದು ಕೇಳುತ್ತಿದ್ದಳು: "ತಗೀಲೇನ?" ಒಳಗಿನಿಂದ ಯಾರಾದರೊಬ್ಬರು "ಇನ್ನ ಹತ್ತ ನಿಮಿಷ ತಡಿ ಯವ್ವಾ" ಅನ್ನುತ್ತಿದ್ದರು. ಎಸರು ಕುದ್ದು ಕುದ್ದು ಅರ್ಧಕ್ಕೆ ಇಳಿಯುತ್ತಿತ್ತು.

ಈ ವ್ಯವಸ್ಥೆಯ ಕರ್ತೃ ನಮ್ಮ ಕಾಕಾ. ಗದಗಿನಿಂದ ನರೇಗಲ್ಲಿನ ಕಡೆ ಹೊರಟರೆ ಎರಿ ಹೊಲಗಳ ನಡುವೆ ಸಿಗುವ ಕೋಟುಮಚಗಿಯಲ್ಲಿ ಇಂಥ ಸಿಗ್ನಲ್ ಕಾಕಾ ಓಣಿಗೊಬ್ಬನಿದ್ದಾನೆ. ನಿಮ್ಮ ಊರಲ್ಲೂ ಇದ್ದಾನೆ, ಅಲ್ಲಿ ಅವನಿಗೆ ಮಾಮಾ ಅಂತಲೋ ದೊಡ್ಡಪ್ಪ ಅಂತಲೋ ಕರೆಯುತ್ತೀರಿ, ಅಷ್ಟೇ. ವಯಸ್ಸು ಅರವತ್ತು ದಾಟಿದೆ. ಅಂಗಿಯ ಕಿಸೆಯಲ್ಲಿ ಪೆನ್ನು ಇರಬೇಕಾದಲ್ಲಿ ಟೆಸ್ಟರ್. ಧೋತರದ ಸೊಂಟದಲ್ಲಿ ಎಲಿ ಅಡಿಕೆ ಚೀಲದ ಜೊತೆಗೆ ಕಪ್ಪು ಟೇಪಿನ ಸುರುಳಿ. ಕೈಯಲ್ಲಿ ಗುಂಡಿ ಒತ್ತುವ ಹಳೆಯ ಫೋನು, ಅದಕ್ಕೆ ವೈಫೈ ಹತ್ತುವುದೇ ಇಲ್ಲ. ಮನೆಯ ಇಂಟರ್ನೆಟ್ಟಿಗಾಗಿ ಹಗಲು ರಾತ್ರಿ ಒದ್ದಾಡುವ ಈ ಮನುಷ್ಯ ಇವತ್ತಿನ ತನಕ ಅದರಲ್ಲಿ ಒಂದು ಹಾಡು ಕೇಳಿದವನಲ್ಲ. ಅವನಿಗೆ ಬೇಕಾದದ್ದು ಕಡ್ಡಿ. ಎರಡಿದ್ದದ್ದು ಮೂರಾಗಬೇಕು, ಮೂರಿದ್ದದ್ದು ನಾಲ್ಕು. ಆಮೇಲೆ ಆ ನಾಲ್ಕು ಕಡ್ಡಿಯಿಂದ ಯಾರು ಏನು ಮಾಡುತ್ತಾರೆಂಬುದು ಅವರವರ ಹಣೇಬರಹ.

ಈ ಹುಚ್ಚು ಅವನಿಗೆ ನಿನ್ನೆ ಮೊನ್ನೆ ಹಿಡಿದದ್ದಲ್ಲ. 1987ರಲ್ಲಿ ದೂರದರ್ಶನದಲ್ಲಿ ರವಿವಾರ ಮುಂಜಾನೆ ರಾಮಾಯಣ ಶುರುವಾದಾಗ ನಮ್ಮ ಓಣಿಗೆಲ್ಲ ಸೇರಿ ಒಂದೇ ಟೀವಿ. ಮಾಳಿಗೆಯ ಮೇಲೆ ಉದ್ದನೆಯ ಕಬ್ಬಿಣದ ಕೊಳವೆ, ತುದಿಗೆ ಮೀನಿನ ಮುಳ್ಳಿನಂಥ ಆಂಟೆನಾ, ಅದಕ್ಕೆ ಕಾಕಾ ತಂತಿಯಿಂದ ಬಿಗಿದ ಎರಡು ಅಲ್ಯೂಮಿನಿಯಂ ತಾಟು. ಟೀವಿ ಕೆಳಗೆ, ಕಾಕಾ ಮೇಲೆ, ನಾನು ಬೆಳಕಿಂಡಿಯ ಬಾಯಿಗೆ. ಮಣ್ಣಿನ ಮಾಳಿಗೆಯ ಮನೆಗೆ ಬೆಳಕು ಇಳಿಯಲಿ ಎಂದು ಬಿಟ್ಟ ಆ ಕಿಂಡಿಯೇ ನಮ್ಮ ಟೆಲಿಫೋನು. ಕಾಕಾ ಕೊಳವೆ ತಿರುವಿ "ಬಂತೇನಲೇ?" ಅನ್ನುವನು. ನಾನು ಕಿಂಡಿಯಲ್ಲಿ ಮಾರಿ ತುರುಕಿ "ಬಂತೇನ್ರೀ?" ಅನ್ನುವೆ. ಕೆಳಗೆ ಪಡಸಾಲೆ ತುಂಬ ಕೂತ ಮಂದಿ "ಬಂತು... ಹೋತು... ಏ, ಬಂದಿತ್ತು, ಅಲ್ಲೇ ಬಿಡು ಅನ್ನು!" ಎಂದು ಕೂಗುವರು. ರಾಮನಿಗೆ ಹದಿನಾಲ್ಕು ವರ್ಷ ವನವಾಸವಾದರೆ ನಮ್ಮ ಕಾಕಾಗೆ ಒಂದೂವರೆ ವರ್ಷ ಮಾಳಿಗೆವಾಸ. 1988ರ ಜುಲೈಯಲ್ಲಿ ಧಾರಾವಾಹಿ ಮುಗಿಯುವ ತನಕ ಅವನು ಕೇಳಿದ್ದೇ ಹೊರತು ನೋಡಲಿಲ್ಲ. ಆದರೆ ಒಂದು ವಿದ್ಯೆ ಕಲಿತ. ಕೆಳಗಿನವರು ಬೇಸತ್ತು, ಚಿತ್ರ ಇನ್ನೂ ಕುಣಿಯುತ್ತಿದ್ದಾಗಲೇ "ಬಂತು" ಅಂದುಬಿಟ್ಟರೆ ಅವನಿಗೆ ದನಿಯಲ್ಲೇ ಗೊತ್ತಾಗುತ್ತಿತ್ತು. "ಸುಳ್ಳ ಹೇಳ್ತಾರ, ಮತ್ತೊಮ್ಮೆ ಕೇಳಲೇ" ಎಂದು ನನ್ನನ್ನು ಮತ್ತೆ ಕಿಂಡಿಗೆ ಬಗ್ಗಿಸುತ್ತಿದ್ದ.

ಅಂಥ ಆಂಟೆನಾವನ್ನು ಜಪಾನಿನ ಯಾಗಿ ಮತ್ತು ಉಡಾ ಎಂಬಿಬ್ಬರು 1926ರಲ್ಲಿ ಜಗತ್ತಿಗೆ ಕೊಟ್ಟರು ಎಂದು ಮುಂದೆ ನಾನು ಕಾಲೇಜಿನಲ್ಲಿ ಓದಿ ಬಂದು ಹೇಳಿದೆ. ಕಾಕಾ ಮೊದಲನೆಯ ಹೆಸರನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೆಯದಕ್ಕೆ ಕಣ್ಣರಳಿಸಿದ. "ಉಡಾ! ಅದಕ್ಕ ಮತ್ತ, ಹಿಡದ್ರ ಬಿಡತಿರಲಿಲ್ಲ."

ಮುಂದೆ ಡಿಶ್ ಬಂದು, ಕೇಬಲ್ ಬಂದು, ಕಾಕಾ ಮೂವತ್ತು ವರ್ಷ ಕೆಲಸವಿಲ್ಲದೆ ಕೂತ. 2020ರಲ್ಲಿ ಲಾಕ್‌ಡೌನ್ ಬಿದ್ದು ನಾನು ಬೆಂಗಳೂರಿನಿಂದ ಲ್ಯಾಪ್‌ಟಾಪ್ ಕಟ್ಟಿಕೊಂಡು ಊರಿಗೆ ಬಂದೆನಲ್ಲ, ಅವತ್ತು ಅವನ ಶನಿ ಬಿಟ್ಟಿತು, ನನ್ನದು ಹಿಡಿಯಿತು.

ಡಬ್ಬಿ ಕೂಡಿಸಲು ಬಂದ ಹುಡುಗ ಓಣಿಯ ಕಡೆಯ ಗೋಡೆಗೆ ತೂತು ಹೊಡೆದು, ವೈರು ಒಳಗೆ ಎಳೆದು, ಅಲ್ಲೇ ಒಂದು ಮೇಜಿನ ಮೇಲೆ ಡಬ್ಬಿ ಇಟ್ಟು, ಉಳಿದ ವೈರನ್ನು ಸುರುಳಿ ಸುತ್ತಿ ಹೋದ. ನಾನು ಕೂರುತ್ತಿದ್ದದ್ದು ಒಳಕೋಣೆಯಲ್ಲಿ. ನಡುವೆ ಎರಡು ಫೂಟು ದಪ್ಪದ ಮಣ್ಣಿನ ಗೋಡೆ. ನಮ್ಮ ಹಿರಿಯರು ಬಿಸಿಲು ಒಳಗೆ ಬರಬಾರದೆಂದು ಕಟ್ಟಿದ ಗೋಡೆಗಳಿವು; ಬೇಸಿಗೆಯ ಬಿಸಿಲಿಗೇ ಬಗ್ಗದ್ದು ವೈಫೈಗೆ ಎಲ್ಲಿ ಬಗ್ಗೀತು? ಡಬ್ಬಿಯಿಂದ ಎರಡು ತರದ ಅಲೆ ಹೊರಡುತ್ತವೆ. 2.4 ಗಿಗಾಹರ್ಟ್ಸಿನದು ಸುಮಾರು ಅರ್ಧ ಗೇಣು ಉದ್ದ, 5 ಗಿಗಾಹರ್ಟ್ಸಿನದು ಅದರ ಅರ್ಧ. ಉದ್ದನೆಯದು ಗೋಡೆಯಲ್ಲಿ ತಕ್ಕಮಟ್ಟಿಗೆ ನುಸುಳುತ್ತದೆ. ಗಿಡ್ಡನೆಯದು ಓಟದಲ್ಲಿ ಚುರುಕು, ಗೋಡೆ ಕಂಡರೆ ಅಲ್ಲೇ ಕೂರುತ್ತದೆ. ನಮ್ಮ ಮನೆಯ ಎರಡು ಎತ್ತುಗಳೂ ಹೀಗೇ ಇದ್ದವು, ಆದ್ದರಿಂದ ಕಾಕಾಗೆ ಈ ಪಾಠ ಒಂದೇ ಸಲಕ್ಕೆ ತಲೆಗೆ ಹತ್ತಿತು.

ಹದಿನೈದು ದಿನದಲ್ಲಿ ಅವನು ಮನೆಯ ಸಾಮಾನುಗಳನ್ನೆಲ್ಲ ಮೂರು ಜಾತಿ ಮಾಡಿದ. "ನೀರು ಕುಡೀತೈತಿ. ಪಾತ್ರಿ ಒದೀತೈತಿ. ಅರಿವಿ ಬಿಡತೈತಿ." ಭೌತಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ನಾಲ್ಕು ಪುಟ ಬೇಕಾಗುತ್ತವೆ. ಅಂದಿನಿಂದ ಮನೆಯಲ್ಲಿ ವಲಸೆ ಶುರುವಾಯಿತು. ಕುಡಿಯುವ ನೀರಿನ ಹರವಿ ಪಡಸಾಲೆಯಿಂದ ಹಿತ್ತಲ ಬಾಗಿಲಿಗೆ ಹೋಯಿತು, ಅದು ಸಿಗ್ನಲ್ ಕುಡಿಯುತ್ತಿತ್ತಂತೆ. ಚಿಗವ್ವನ ತವರಿನ ಕಬ್ಬಿಣದ ತಿಜೋರಿ ಒದೆಯುವ ಜಾತಿಯದು, ನಾಲ್ಕು ಮಂದಿ ಹಿಡಿದು ಅದನ್ನು ಮೂಲೆಗೆ ಸರಿಸಿದರು. ಕೌದಿ ಮಾತ್ರ ಇದ್ದಲ್ಲೇ ಉಳಿಯಿತು. ಮನೆಗೆ ಬಂದ ನೆಂಟರನ್ನೂ ಕಾಕಾ ಇದೇ ಕಣ್ಣಿನಿಂದ ನೋಡತೊಡಗಿದ. ಮನುಷ್ಯನ ಮೈಯೆಂದರೆ ಬಹುಪಾಲು ನೀರೇ ಎಂದು ನಾನು ಬಾಯಿತಪ್ಪಿ ಹೇಳಿದ್ದೆ. ಮರುದಿನ ಬೀಗರು ಬಂದು ಡಬ್ಬಿಯ ಮುಂದೆ ಕುರ್ಚಿ ಹಾಕಿಕೊಂಡಾಗ, "ಅತ್ತಾಗ ಸರೀರಿ ಬೀಗರ, ನೀವು ಕುಡ್ಯಾಕತ್ತೀರಿ" ಅಂದುಬಿಟ್ಟ. ಬೀಗರು ಅದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡು ಚಹಾ ಸಹ ಮುಟ್ಟದೆ ಎದ್ದರು.

ಒದೆಯುವ ಜಾತಿಯವನ್ನು ಓಡಿಸುವುದಕ್ಕಿಂತ ದುಡಿಸಿಕೊಳ್ಳುವುದು ಲೇಸು ಎಂದು ಹೊಳೆದದ್ದು ಅವನಿಗೇ. ಡಬ್ಬಿ ಸುತ್ತಲೂ ಸಿಗ್ನಲ್ ಚೆಲ್ಲುತ್ತದೆ, ಅರ್ಧಕ್ಕರ್ಧ ಓಣಿಗೆ ಸುಮ್ಮನೆ ಹೋಗುತ್ತದೆ. ಅತ್ತ ಹೋಗುವುದನ್ನು ಒದ್ದು ಇತ್ತ ಕಳಿಸಿದರೆ? ಮೊದಲು ಚಪಾತಿ ಸುತ್ತುವ ಬೆಳ್ಳಿ ಹಾಳೆ ರಟ್ಟಿಗೆ ಅಂಟಿಸಿ ನೋಡಿದ. ಆಮೇಲೆ ಹಿಟ್ಟು ಸೋಸುವ ಜರಡಿ. ಆಮೇಲೆ ಎಣ್ಣೆ ಡಬ್ಬಿ ಸೀಳಿ ಬಿಡಿಸಿದ ತಗಡು, ಅದು ಅವನ ಹೆಬ್ಬೆರಳನ್ನೂ ಸೀಳಿತು. ಕೊನೆಗೆ ಪರಾತ. ನಾನು ನಕ್ಕೆ. ಕಾಕಾ ನಗಲಿಲ್ಲ. "ಬೆಂಗಳೂರ ಹತ್ರ ಬ್ಯಾಲಾಳದಾಗ ಚಂದ್ರನ ಸಿಗ್ನಲ್ ಹಿಡ್ಯಾಕ ಇಸ್ರೋದವರು ಎಷ್ಟ ದೊಡ್ಡ ಬುಟ್ಟಿ ಇಟ್ಟಾರಂದಿ?"

"ಮೂವತ್ತೆರಡು ಮೀಟರಿಂದು, ಕಾಕಾ."

"ಅವರ ಮನ್ಯಾಗ ಮಂದಿ ಭಾಳ. ನಮಗ ಇಷ್ಟ ಸಾಕು."

ಆ ಸಂಜೆಯ ಪ್ರಯೋಗ ಇನ್ನೂ ಕಣ್ಣಿಗೆ ಕಟ್ಟಿದೆ. ನಾನು ಒಳಕೋಣೆಯಲ್ಲಿ ಫೋನು ಹಿಡಿದು ಕೂತಿದ್ದೆ. ಕಾಕಾ ಪರಾತವನ್ನು ಡಬ್ಬಿಯ ಬೆನ್ನಿಗೆ ಅಂಟಿಸಿ "ಬಂತೇನಲೇ?" ಅಂದ. ಇದ್ದದ್ದೂ ಹೋಯಿತು. ಒಂದು ಮೊಳ ಹಿಂದಕ್ಕೆ ಸರಿಸಿದ. ಏನೂ ಇಲ್ಲ. ಒಂದೊಂದೇ ಬೆರಳು ಮುಂದೆ ತರುತ್ತ, ಪ್ರತಿ ಬೆರಳಿಗೂ ಕೂಗುತ್ತ, ಡಬ್ಬಿಗೂ ಪರಾತಕ್ಕೂ ನಡುವೆ ಎರಡು ಬೆರಳು ಅಗಲ ಉಳಿದಾಗ ನನ್ನ ಫೋನಿನಲ್ಲಿ ಒಂದರ ಬದಲು ಎರಡು ಕಡ್ಡಿ ಎದ್ದವು. ಅಲೆಯ ಉದ್ದದ ಕಾಲು ಭಾಗದಷ್ಟು ಅಂತರ ಬಿಟ್ಟು ಲೋಹದ ಹಲಗೆ ನಿಲ್ಲಿಸಿದರೆ ಹಿಂದಕ್ಕೆ ಹೋದ ಅಲೆ ಮರಳಿ ಬಂದು ಮುಂದಿನದಕ್ಕೆ ಕೂಡಿಕೊಳ್ಳುತ್ತದೆ. ಹನ್ನೆರಡೂವರೆ ಸೆಂಟಿಮೀಟರಿನ ಕಾಲು ಭಾಗ ಸುಮಾರು ಮೂರು ಸೆಂಟಿಮೀಟರು. ಎರಡು ಬೆರಳು. ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡದ್ದನ್ನು ಕಾಕಾ ಹಿಟ್ಟಿನ ಪರಾತದಲ್ಲಿ ತೋರಿಸಿದ್ದ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನವರು 2017ರಲ್ಲಿ ಹೀಗೇ ಮಾಡಿ ತೋರಿಸಿದರು. ಮನೆಯ ನಕ್ಷೆಗೆ ತಕ್ಕ ಆಕಾರವನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿ, ಪ್ಲಾಸ್ಟಿಕ್ಕಿನಲ್ಲಿ ಅಚ್ಚು ತೆಗೆದು, ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿ ಡಬ್ಬಿಯ ಬೆನ್ನಿಗೆ ನಿಲ್ಲಿಸಿದರು. ಬೇಕಾದ ಕಡೆ ಸಿಗ್ನಲ್ ಹೆಚ್ಚಿತು, ಬೇಡದ ಕಡೆ ಇಳಿಯಿತು. ಅವರಿಗೆ ಎಸರಿಟ್ಟು ಕಾಯುವ ಚಿಗವ್ವ ಇರಲಿಲ್ಲ, ಅದೊಂದು ಅನುಕೂಲ.

ಬೇಡದ ಕಡೆ ಇಳಿಯುತ್ತದೆ ಎಂಬುದಕ್ಕೆ ಸಾಕ್ಷಿ ಮರುದಿನ ಮುಂಜಾನೆಯೇ ಬಾಗಿಲಿಗೆ ಬಂತು. ಎದುರು ಮನೆಯ ಸೊಸೆ, ಸೆರಗು ಸರಿಮಾಡಿಕೊಳ್ಳುತ್ತ.

"ಮಾವಾರ, ನಿಮ್ಮ ಪರಾತ ಸ್ವಲ್ಪ ಅತ್ತಾಗ ಸರಸ್ತೀರೇನ್ರಿ? ನಿನ್ನಿ ಸಂಜಿಂದ ನಮ್ಮ ಹುಡುಗನ ಆನ್‌ಲೈನ್ ಕ್ಲಾಸು ನಿಂತೈತ್ರಿ."

ಪಡಸಾಲೆಯಲ್ಲಿ ಮೌನ. ನಮ್ಮ ಡಬ್ಬಿಯ ಪಾಸ್‌ವರ್ಡ್ ಓಣಿ ದಾಟಿ ಮೂರು ತಿಂಗಳಾಗಿತ್ತು. ಚಿಗವ್ವ ಅಡುಗೆಮನೆಯಲ್ಲಿ ಒಮ್ಮೆಲೇ ಭಾಳ ಜೋರಾಗಿ ಪಾತ್ರೆ ತಿಕ್ಕತೊಡಗಿದಳು. ಹೆಪ್ಪಿಗೆ ಮಜ್ಜಿಗೆ ಕೊಟ್ಟಂತೆ ಅದನ್ನೂ ಕೊಟ್ಟಿದ್ದಳು, ಕೇಳಿದವರಿಗೆ ಇಲ್ಲ ಅನ್ನಬಾರದಲ್ಲ. ಇನ್ನು ಕಾಕಾ ಹಾರಾಡುತ್ತಾನೆ ಎಂದು ನಾನು ಕಾಯ್ದೆ. ಅವನ ಮಾರಿ ಮಾತ್ರ ಹುಣ್ಣಿಮೆ ಚಂದ್ರನಂತೆ ಅರಳಿತು. "ಪೂರಾ ಹೋಗೇತೇನವ್ವಾ? ಒಂದ ಕಡ್ಡೀನೂ ಇಲ್ಲ?" "ಒಂದೂ ಇಲ್ರಿ." ನನ್ನ ಕಡೆ ತಿರುಗಿ, "ಕೇಳಿದೇನಲೇ? ಪರಾತದ ತಾಕತ್ತು!" ಅಂದ. ಅವತ್ತಿನಿಂದ ಹುಡುಗನ ಕ್ಲಾಸಿನ ಹೊತ್ತಿಗೆ ಪರಾತ ತೆಗೆಯುವುದು, ನನ್ನ ಮೀಟಿಂಗಿನ ಹೊತ್ತಿಗೆ ಇಡುವುದು ಎಂದು ಠರಾವಾಯಿತು. ಕ್ಲಾಸಿನ ಹೊತ್ತಿಗೇ ಚಿಗವ್ವ ರೊಟ್ಟಿ ಮುಗಿಸಿಕೊಳ್ಳಬೇಕು. ತೋಟದ ಮಡಿಗೆ ನೀರು ತಿರುವುವ ಪಾಳಿಯೂ ಇಷ್ಟು ಕರಾರುವಾಕ್ಕಾಗಿ ನಡೆಯುವುದಿಲ್ಲ.

ಒಂದು ದಿನ ಪಾಳಿ ತಪ್ಪಿತು. ನಾನು ಮೇಲಧಿಕಾರಿಗಳ ಮುಂದೆ ಮೂರು ತಿಂಗಳ ಲೆಕ್ಕ ಒಪ್ಪಿಸುತ್ತಿದ್ದೆ. ಎಸರು ಆರುತ್ತದೆಂದು ಚಿಗವ್ವ ಪರಾತ ಎತ್ತಿಕೊಂಡು ಹೋದಳು. ನನ್ನ ಚಿತ್ರ ಕಲ್ಲಾಯಿತು, ಮಾತು ಮಾತ್ರ ಹೇಗೋ ತೆವಳುತ್ತಿತ್ತು. ಹಿಂದಿನಿಂದ ಪಟ ಪಟ ಪಟ ಎಂದು ರೊಟ್ಟಿ ಬಡಿಯುವ ಸಪ್ಪಳ. ಆ ಕಡೆ ಇದ್ದ ಸಾಹೇಬರು ಸ್ವಲ್ಪ ಹೊತ್ತು ಕೇಳಿ, ಮನೆಯವರೆಲ್ಲ ಚಪ್ಪಾಳೆ ತಟ್ಟಿ ಹುರಿದುಂಬಿಸುವುದು ಸಂತೋಷದ ಸಂಗತಿ ಎಂದರು. ನಾನು ತಿದ್ದಲು ಹೋಗಲಿಲ್ಲ. ಆ ವರ್ಷ ನನಗೆ ಸಿಕ್ಕ ಚಪ್ಪಾಳೆ ಅದೊಂದೇ.

ನಡುವೆ ಕಾಕಾ ಡಬ್ಬಿಯ ವೈರನ್ನು ಎತ್ತಿನ ಹಗ್ಗದಂತೆ ಕಂಬಕ್ಕೆ ಗಂಟು ಹಾಕಿ ಎರಡು ದಿನ ಕೆಂಪು ದೀಪ ಉರಿಸಿದ. ಮತ್ತೆ ಬಂದ ಹುಡುಗ, "ಅಜ್ಜಾರ, ಇದರೊಳಗ ಗಾಜಿನ ಎಳಿ ಐತ್ರಿ, ಅದರಾಗ ಬೆಳಕು ಹರೀತೈತಿ, ಗಂಟ ಹಾಕಬ್ಯಾಡ್ರಿ" ಎಂದು ಕೈಮುಗಿದ. ಬೆಳಕು ಗಂಟಿಗೆ ಸಿಕ್ಕು ನಿಲ್ಲುತ್ತದೆ ಎಂಬ ಮಾತು ಕಾಕಾಗೆ ಬಹಳ ಹಿಡಿಸಿತು, ವಾರಗಟ್ಟಲೆ ಕಟ್ಟೆಯ ಮೇಲೆ ಅದನ್ನೇ ಹೇಳಿಕೊಂಡು ತಿರುಗಿದ. ಕಟ್ಟೆಯ ಮೇಲಿನ ಮಾತು ಒಮ್ಮೆ ನಮ್ಮೂರಿನ ಶಾಸನಕ್ಕೂ ಹೋಯಿತು. ಐದನೆಯ ವಿಕ್ರಮಾದಿತ್ಯನ ಕಾಲದ, 1012ರ ಶಾಸನ ಅದು. ಓದಿಸುವವರಿಗೆ ಹೊಲ ಬಿಟ್ಟ ಸಂಗತಿಯೂ ಅದರಲ್ಲಿದೆ. ಕಾಕಾ ಅಂದ: "ಸಾವಿರ ವರ್ಷ ಆತು. ಒಮ್ಮೆರೆ ಕಟ್ ಆಗೇತೇನ?"

ಆಗಸ್ಟಿನಲ್ಲಿ ಹೆಸರು ಬಂತು. ಇಪ್ಪತ್ತೆರಡು ಚೀಲ, ಸರಿಯಾಗಿ ಒಣಗದ್ದು, ಪಡಸಾಲೆಯ ನಡುವೆ ಒಟ್ಟಿದರು. ಅಂದಿನಿಂದ ಒಳಕೋಣೆಯಲ್ಲಿ ಒಂದು ಕಡ್ಡಿಯೂ ಇಲ್ಲ. ಕಾಕಾ ಪರಾತವನ್ನು ಎಡಕ್ಕೆ ಬಲಕ್ಕೆ ತಿರುವಿದ, ಎರಡನೆಯ ಪರಾತ ಕಡ ತಂದ, ರಾತ್ರಿ ನಿದ್ದೆಗೆಟ್ಟ. ಹಸಿ ಹೆಸರು ಕುಡಿಯುವ ಜಾತಿಯದೆಂಬುದು ಅವನದೇ ಸಿದ್ಧಾಂತ. ಆದರೆ ಸ್ವಂತ ಹೊಲದ ಬೆಳೆಯ ಮೇಲೆ ತಪ್ಪು ಹೊರಿಸಲು ಅವನಿಗೆ ಮನಸ್ಸು ಬರಲಿಲ್ಲ. ಗಜೇಂದ್ರಗಡದ ಕಡೆಯ ಗಾಳಿ ರೆಕ್ಕೆಗಳು ಸಿಗ್ನಲ್ಲನ್ನು ಬೀಸಿ ಒಗೆಯುತ್ತಿವೆ ಎಂದು ತೀರ್ಮಾನಿಸಿದ.

ಬಿಸಿಲು ಬಿದ್ದು ಕಾಳು ಒಣಗಿದ ಮೇಲೆ ಚೀಲ ಹೇರಿಕೊಂಡು ಕಾಕಾ ಗದಗಿನ ಎಪಿಎಂಸಿಗೆ ಹೋದ. ಅವತ್ತು ನಾನು ಮಾಡಬಾರದ ಕೆಲಸ ಮಾಡಿದೆ. ಮೂಲೆಯಲ್ಲಿದ್ದ ವೈರಿನ ಸುರುಳಿ ಬಿಚ್ಚಿ, ಡಬ್ಬಿಯನ್ನು ಮನೆಯ ನಟ್ಟನಡುವಿನ ಕಂಬಕ್ಕೆ, ಆಳೆತ್ತರಕ್ಕಿಂತ ಮೇಲೆ, ಒಂದು ಗೂಟಕ್ಕೆ ನೇತುಹಾಕಿದೆ. ಅಲ್ಲಿಂದ ಅದಕ್ಕೆ ಎಲ್ಲ ಕೋಣೆಯ ಬಾಗಿಲೂ ಕಾಣುತ್ತವೆ. ನಾಲ್ಕು ಕಡ್ಡಿ. ಎದುರು ಮನೆಯ ಹುಡುಗನಿಗೂ ಎರಡು. ಪರಾತವನ್ನು ಚಿಗವ್ವ ಬೂದಿ ಹಚ್ಚಿ ತಿಕ್ಕಿ, ನಾಗಂದಿಗೆಯ ಮೇಲೆ ಮೊದಲಿನ ಜಾಗಕ್ಕೆ ಏರಿಸಿ, ಎರಡು ಹೆಜ್ಜೆ ಹಿಂದೆ ಸರಿದು ಕಣ್ತುಂಬ ನೋಡಿದಳು.

ಸಂಜೆ ಕಾಕಾ ಬಂದ. ಖಾಲಿ ಮೇಜು ನೋಡಿದ. ಕಂಬ ನೋಡಿದ. ನನ್ನ ಫೋನು ಇಸಿದುಕೊಂಡು ಒಳಕೋಣೆ, ಅಡುಗೆಮನೆ, ಬಚ್ಚಲು ಎಲ್ಲ ಕಡೆ ತಿರುಗಿ ಬಂದ. ಎಲ್ಲೆಲ್ಲೂ ತುಂಬಿದ ಕಡ್ಡಿ. "ಛೊಲೋ ಆತು" ಎಂದು ಫೋನು ಮರಳಿ ಕೊಟ್ಟು ಕಟ್ಟೆಗೆ ಹೋಗಿ ಕೂತ. ಹೆಸರಿಗೆ ಏನು ಧಾರಣಿ ಸಿಕ್ಕಿತು ಎಂದು ಕೇಳಿದರೆ ಅದಕ್ಕೂ ಎರಡೇ ಮಾತು. ಊಟಕ್ಕೆ ಒಂದು ರೊಟ್ಟಿ ಕಮ್ಮಿ ಉಂಡ.

ರಾತ್ರಿ ದೀಪ ಆರಿಸುವ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ಸಪ್ಪಳವಾಯಿತು. ಕಾಕಾ ಪರಾತ ಹಿಡಿದು ಕಂಬದ ಬುಡಕ್ಕೆ ಬಂದು ನಿಂತಿದ್ದ.

"ದನದ ಕೊಟಿಗ್ಯಾಗ ಬರತೈತೇನ ನೋಡೂಣು. ಹೋಗಿ ನಿಂದರ ಹೋಗು."

ಕೊಟ್ಟಿಗೆಯಲ್ಲಿ ವೈಫೈ ಯಾರಿಗೆ ಬೇಕು ಎಂದು ನಾನು ಕೇಳಲಿಲ್ಲ. ಫೋನು ಹಿಡಿದು ಗ್ವಾದಲಿಯ ಪಕ್ಕ, ಎತ್ತಿನ ಉಸಿರು ಮೊಣಕೈಗೆ ತಾಗುವಷ್ಟು ಹತ್ತಿರ ನಿಂತೆ. ನಾಲ್ಕು ಕಡ್ಡಿ.

"ಬಂತೇನಲೇ?"

"ಒಂದ ಬಂತು ಕಾಕಾ," ಅಂದೆ.

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಕತ್ತಲಲ್ಲಿ ಪರಾತ ಕಂಬಕ್ಕೆ ತಾಗಿ ಠಣ್ ಅಂದಿತು.

"ಹಂಗಾರ ಇನ್ನೊಂಚೂರ ಎಡಕ್ಕ ಹೊಳ್ಳಸ್ತೇನಿ. ನೋಡಕೊಂತ ಇರು."