ಪಾಲಿಬೆಟ್ಟದ ನೆರೆಹೊರೆ: ಬಳಸುವ ವಿಧಾನ

ಪಾಲಿಬೆಟ್ಟದ ಆಸುಪಾಸಿನಲ್ಲಿ ಹತ್ತೋ ಹದಿನೈದೋ ಎಕರೆ ಕಾಫಿ ತೋಟ ಕೊಂಡ ನಿಮಗೆ ಅಭಿನಂದನೆಗಳು. ಕ್ರಯಪತ್ರದಲ್ಲಿ ಕಾಫಿ ಗಿಡ, ಸಿಲ್ವರ್ ಓಕ್, ಮೆಣಸಿನ ಬಳ್ಳಿ, ಕೆರೆ, ಕಣ, ಪಂಪ್‌ಸೆಟ್ ಎಲ್ಲವೂ ನಮೂದಾಗಿವೆ. ನಮೂದಾಗದ ಒಂದು ಉಪಕರಣವೂ ಜೊತೆಗೆ ಬಂದಿದೆ: ನೆರೆಹೊರೆ. ಅದಕ್ಕೆ ಸ್ಟಾಂಪ್ ಡ್ಯೂಟಿ ಇಲ್ಲ, ಸರ್ವೆ ನಂಬರ್ ಇಲ್ಲ, ಬೇಡವೆಂದು ವಾಪಸ್ ಮಾಡುವ ಸೌಲಭ್ಯವೂ ಇಲ್ಲ. ಬೆಂಗಳೂರಿನಿಂದ ಬರುವಾಗ ನೀವು ಸೋಲಾರ್ ಪ್ಯಾನೆಲ್ಲು, ಗೊಬ್ಬರದ ಡಬ್ಬ, ಸುಸ್ಥಿರ ಬದುಕಿನ ಬಗ್ಗೆ ನಾಲ್ಕು ಪುಸ್ತಕ ತಂದಿರುತ್ತೀರಿ. ಸದ್ಯಕ್ಕೆ ಅವನ್ನು ಅಟ್ಟಕ್ಕೆ ಹಾಕಿ ಇದನ್ನು ಓದಿ.

ಬಿಡಿಭಾಗಗಳು

ಮುಖ್ಯ ಭಾಗ ಪಕ್ಕದ ತೋಟ. ನೀವು ಬೆಳೆಯುವ ರೊಬಸ್ಟಾ ತನ್ನದೇ ಪರಾಗಕ್ಕೆ ಕಾಯಿ ಕಟ್ಟುವ ಜಾತಿಯಲ್ಲ. ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನೋ ತಂದು ಹಾಕಬೇಕು. ಇವೆರಡೂ ಸರ್ವೆ ಕಲ್ಲು ನೋಡಿ ತಿರುಗುವುದಿಲ್ಲ. ಹೂವು ಅರಳಿದ ದಿನ ಪಕ್ಕದವರು ಔಷಧಿ ಹೊಡೆದರೆ ಪೆಟ್ಟು ನಿಮ್ಮ ಫಸಲಿಗೂ ಬೀಳುತ್ತದೆ. ಹೆಜ್ಜೇನು ಗೂಡು ಕಟ್ಟಲು ಹುಡುಕುವುದು ಎತ್ತರದ ಹಳೆಯ ಮರಗಳನ್ನು. ಅವು ಹೆಚ್ಚಾಗಿ ಉಳಿದಿರುವುದು ದೇವರಕಾಡುಗಳಲ್ಲಿ. ಕೊಡಗಿನಲ್ಲಿ ಇಂಥವು 1,200ಕ್ಕೂ ಹೆಚ್ಚಿವೆ, ಯಾವುದೂ ನಿಮ್ಮ ಹೆಸರಿನಲ್ಲಿಲ್ಲ. ನಿಮ್ಮ ಫಸಲಿನ ಒಂದು ಪಾಲು ಇನ್ನೊಂದು ಊರಿನ ಅಯ್ಯಪ್ಪನ ಕಾಡಿನಿಂದ ಬಂದಿರಬಹುದು. ರಶೀದಿ ಸಿಗುವುದಿಲ್ಲ.

ಕೂಡಿ ನಡೆಸುವುದು ಇಲ್ಲಿಗೆ ಹೊಸದೇನಲ್ಲ. ವಿರಾಜಪೇಟೆಯ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ 1936ರದು. ಮನೆಮನೆಯ ಹಿತ್ತಲಲ್ಲಿ ಜೇನುಪೆಟ್ಟಿಗೆ ಇದ್ದ ಕಾಲ ಒಂದಿತ್ತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಪೆಟ್ಟಿಗೆಯಿಂದ ಪೆಟ್ಟಿಗೆಗೆ ದಾಟಿ ಅವನ್ನು ಖಾಲಿ ಮಾಡಿತು. ಹಂಚಿಕೊಂಡವರು ರೋಗವನ್ನೂ ಹಂಚಿಕೊಂಡರು. ಪುಸ್ತಕಗಳು ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟಿರುತ್ತವೆ.

ಚಾಲೂ ಮಾಡುವ ಕ್ರಮ

ಫೆಬ್ರವರಿ ಮುಗಿಯುತ್ತ ಬಂದರೂ ಹೂಮಳೆ ಬರದಿದ್ದರೆ ಇಡೀ ಊರಿಗೆ ಒಂದೇ ವಾರದಲ್ಲಿ ಒಂದಿಂಚು ನೀರು ಬೇಕಾಗುತ್ತದೆ. ನಿಮ್ಮ ಮೋಟರ್ ಸುಡುವುದು ಆ ವಾರವೇ. ಕೆರೆಯಲ್ಲಿ ನೀರಿದೆ, ಮೊಗ್ಗು ಕಾದು ಕೂತಿದೆ, ಜೆಟ್ ತಿರುಗಿಸುವ ಶಕ್ತಿ ಇಲ್ಲ. ಈಗ ಉಪಕರಣವನ್ನು ಚಾಲೂ ಮಾಡಬೇಕು.

ಫೋನ್ ಮಾಡಬೇಡಿ, ಹೋಗಿ. ಕೆಲಸದವರ ಲೆಕ್ಕ ಮುಗಿದ ಮೇಲೆ, ಕತ್ತಲಾಗುವ ಮೊದಲು ಹೋಗಿ. ಕತ್ತಲಾದ ಮೇಲೆ ರಸ್ತೆ ಆನೆಗಳದು. ಕೊಟ್ಟ ಬೆಲ್ಲದ ಕಾಫಿ ಕುಡಿಯಿರಿ. ಸಕ್ಕರೆ ಬಿಟ್ಟಿದ್ದೇನೆ, ಹಾಲು ಬಿಟ್ಟಿದ್ದೇನೆ ಎಂಬ ವಿವರಗಳು ಈ ಹಂತದಲ್ಲಿ ಅನಗತ್ಯ. ಮೊದಲು ಮಳೆಯ ಮಾತು ಬರುತ್ತದೆ, ಆಮೇಲೆ ಕಾಫಿ ರೇಟು, ಆಮೇಲೆ ಆನೆ. ಈ ಕ್ರಮ ತಪ್ಪಿಸಬೇಡಿ. ಮೋಟರ್ ಸುದ್ದಿ ಎತ್ತುವ ಜಾಗ ಜಗಲಿಯಲ್ಲ, ಗೇಟು. ಹೊರಟು ನಿಂತು, ಈಗಷ್ಟೇ ನೆನಪಾದವರಂತೆ, "ಅಣ್ಣಾ, ನಿಮ್ಮದು ನೀರು ಹಾಕಿ ಯಾವಾಗ ಮುಗೀತದೆ?" ಎನ್ನಿ. ನೀವು ಬಂದದ್ದು ಯಾಕೆಂದು ಅವರಿಗೆ ನೀವು ಗೇಟು ದಾಟಿ ಒಳಗೆ ಬಂದಾಗಲೇ ಗೊತ್ತಾಗಿದೆ. ನಿಮ್ಮ ಮೋಟರ್ ಸುಟ್ಟ ಸುದ್ದಿ ಊರಿಗೆಲ್ಲ ಮಧ್ಯಾಹ್ನವೇ ತಲುಪಿದೆ. ಅವರು "ನೋಡುವ" ಎಂದರೆ ನಾಡಿದ್ದು ಟ್ರ್ಯಾಕ್ಟರ್‌ನಲ್ಲಿ ಅವರ ಡೀಸೆಲ್ ಮೋಟರ್ ಬರುತ್ತದೆ. "ಖಂಡಿತ ಕೊಡುವ, ಅದಕ್ಕೇನು" ಎಂದರೆ ಬೇರೆ ಮನೆ ನೋಡಿ.

ಇನ್ನು ಮರಳಿಸುವುದು. ಹೊಸ ಬಳಕೆದಾರರು ಉಪಕರಣವನ್ನು ಕೆಡಿಸುವುದು ಇಲ್ಲೇ. "ಬಾಡಿಗೆ ಎಷ್ಟಾಯಿತು?" ಎಂದು ಕೇಳಬೇಡಿ. ಕೇಳಿದರೆ ಅವರು ಹೇಳಿಯಾರು, ನೀವು ಕೊಟ್ಟೀರಿ, ಮುಂದಿನ ವರ್ಷ ನೀವು ಗಿರಾಕಿ. ಗಿರಾಕಿಗಳ ಸರದಿ ನೆಂಟರು, ನೆರೆಯವರು, ನೆರೆಯವರ ನೆಂಟರು ಎಲ್ಲ ಮುಗಿದ ಮೇಲೆ, ಅಂದರೆ ಹೂವು ಒಣಗಿದ ಮೇಲೆ. ಡೀಸೆಲ್ ತುಂಬಿಸಿ ಕಳಿಸಿ, ಸವೆದ ವಾಷರ್ ಬದಲಿಸಿ, ಪೈಪು ಎಣಿಸಿ ಒಪ್ಪಿಸಿ. ಅಷ್ಟು ಸಾಕು, ಉಳಿದದ್ದು ಬಾಕಿ ಇರಲಿ. ಮೇ ತಿಂಗಳಲ್ಲಿ ಅವರ ಮನೆ ಮದುವೆಗೆ ನಿಮ್ಮ ಪಿಕಪ್ ಹೋಗುತ್ತದೆ, ಜೊತೆಗೆ ಡ್ರೈವರನೂ ಹೋಗುತ್ತಾನೆ. ಆಗ ಬಾಕಿ ಅವರ ಕಡೆ ತಿರುಗುತ್ತದೆ. ಎರಡೂ ಕಡೆ ಸರಿಯಾಗಿ ಚುಕ್ತಾ ಆಗುವ ಅಪಾಯ ಕಂಡರೆ ಕೂಡಲೇ ಏನಾದರೂ ಸಾಲ ಕೇಳಿ, ಏಣಿಯಾದರೂ ಆದೀತು. ಲೆಕ್ಕ ಚುಕ್ತಾ ಆದ ಮನೆಗೆ ಹೋಗಲು ಯಾರಿಗೂ ಕಾರಣ ಉಳಿಯುವುದಿಲ್ಲ.

ಇದೇ ಸೂತ್ರದ ದೊಡ್ಡ ಮಾದರಿ ನೋಡಬೇಕೆಂದರೆ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಗೆ ಹೋಗಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ್ದು. ವರ್ಷಕ್ಕೊಂದು ಕುಟುಂಬ ಊರಿಗೆಲ್ಲ ಆತಿಥ್ಯ ಮಾಡುತ್ತದೆ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದ ಆತಿಥ್ಯಕ್ಕೆ 360 ತಂಡ ಬಂದವು. ಒಂದು ಮನೆತನಕ್ಕೆ ಇಷ್ಟು ಮನೆತನಗಳು ಒಂದೇ ಸಲ ಋಣ ಬೀಳುವ ಏರ್ಪಾಡು ನನಗೆ ಬೇರೆ ತಿಳಿದಿಲ್ಲ.

ಎಚ್ಚರಿಕೆ

ಹಲಸಿನ ಹಣ್ಣು ಕೊಟ್ಟರೆ ಯಾವ ಬಾಕಿಯೂ ತೀರದು. ಜೂನ್‌ನಲ್ಲಿ ಎಲ್ಲರ ತೋಟದಲ್ಲೂ ಹಲಸು ಬಿದ್ದಿರುತ್ತದೆ, ಮೇಲಾಗಿ ಅದರ ವಾಸನೆಗೆ ಆನೆ ಬರುತ್ತದೆ. ಹಣ್ಣು ಕೊಡುವವರು ಆನೆಯನ್ನೂ ಸಾಗಹಾಕುತ್ತಿರುತ್ತಾರೆ. ಅದನ್ನು ಎಳೆಯದರಲ್ಲೇ ಕೊಯ್ದು ಹಂಚುವುದು ನಿಜವಾದ ನೆರೆಧರ್ಮ. ಕಾಚಂಪುಳಿ ಎಂಬ ಕಪ್ಪು ಹುಳಿರಸ ಮಾತ್ರ ಬೇರೆ ಲೆಕ್ಕ. ಮನೆಯಲ್ಲೇ ಕಾಯಿಸಿದ ಒಂದು ಬಾಟಲಿಗೆ ಎರಡು ವರ್ಷದ ಹಳೆಯ ಮನಸ್ತಾಪ ಕರಗಿದ್ದುಂಟು.

ದೋಷ ಮತ್ತು ಪರಿಹಾರ

ಮೂತ್ರ ಕೆಂಪಾಗಿದೆ: ಆಸ್ಪತ್ರೆಗೆ ಓಡಬೇಡಿ. ನಿನ್ನೆ ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ ಹದಿನೆಂಟು. ಪಕ್ಕದ ಮನೆಯವರು ಕೊಟ್ಟ ನೇರಳೆ ಬಣ್ಣದ ಪಾಯಸ ಮದ್ದು ಸೊಪ್ಪಿನದು. ಮುಂದಿನ ವರ್ಷಕ್ಕೆ ಅವರ ಬೇಲಿಯಿಂದ ಒಂದು ಕಡ್ಡಿ ತಂದು ನೆಡಿ.

ಸಂದೇಶ ಅರ್ಥವಾಗುತ್ತಿಲ್ಲ: ಹಿಂದೆ ಸಾವಾದರೆ ಕೋವಿಯಿಂದ ಎರಡು ಗುಂಡು ಹಾರಿಸುತ್ತಿದ್ದರು, ಕೇಳಿದವರು ಕೈಲಿದ್ದ ಕೆಲಸ ಬಿಟ್ಟು ಬರುತ್ತಿದ್ದರು. ಈಗ ವಾಟ್ಸಾಪ್ ಇದೆ. ಆನೆ ಗ್ರೂಪಿನಲ್ಲಿ "ಹಳೇ ಪಲ್ಪರ್ ಹತ್ತಿರ ಮೂರು, ಮರಿ ಇದೆ" ಎಂದು ಬರುತ್ತದೆ. ಪಲ್ಪರ್ ಹೌಸ್ ಬಿದ್ದು ಎಷ್ಟೋ ವರ್ಷವಾಗಿದೆ, ಮ್ಯಾಪಿನಲ್ಲಿ ಹುಡುಕಬೇಡಿ. ಇಲ್ಲದ ಗುರುತುಗಳನ್ನು ಕಲಿಯುವವರೆಗೆ ಯಾರನ್ನಾದರೂ ಕೇಳಿಕೊಂಡೇ ಗೇಟು ದಾಟಿ.

ಭಾರೀ ಹೊರೆ

ಈ ಉಪಕರಣದ ಕಠಿಣ ಪರೀಕ್ಷೆ ನಡೆದದ್ದು 2018ರ ಆಗಸ್ಟ್‌ನಲ್ಲಿ, ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ. ಮರುವರ್ಷ ಕಾವೇರಿ ಉಕ್ಕಿ ನಮ್ಮ ಸಿದ್ದಾಪುರ ಪಕ್ಕದ ಕರಡಿಗೋಡು, ನೆಲ್ಯಹುದಿಕೇರಿಯ ಮನೆಗಳು ಹೋದವು. ಲಾರಿಗಟ್ಟಲೆ ನೆರವು ಹೊರಗಿನಿಂದ ಬಂತು, ಒಳ್ಳೆಯದೇ. ಆದರೆ ಯಾವ ಮನೆಯಲ್ಲಿ ಮಲಗಿದಲ್ಲೇ ಇರುವ ಅಜ್ಜಿ ಇದ್ದಾರೆ, ಯಾರ ಮನೆಗೆ ಹಿಂದಿನ ದಾರಿ ಇದೆ ಎಂಬುದು ಲಾರಿಯವರಿಗೆ ಗೊತ್ತಿರುವುದಿಲ್ಲ. ಏಣಿ ಸಾಲ ಕೇಳಲು ಆ ಮನೆಗೆ ಹೋದವರಿಗೆ ಗೊತ್ತಿರುತ್ತದೆ.

ವಾರಂಟಿ

ಇದು ಎಲ್ಲರಿಗೂ ಅನ್ವಯಿಸುವುದಿಲ್ಲ ಎಂದು ಸಣ್ಣ ಅಕ್ಷರದಲ್ಲಿ ಮುದ್ರಿಸುವುದು ರೂಢಿ. ನಾನು ದೊಡ್ಡದಾಗಿಯೇ ಹೇಳುತ್ತೇನೆ. ಮೇಲೆ ಹೇಳಿದ ಮೋಟರನ್ನು ಟ್ರ್ಯಾಕ್ಟರಿಗೆ ಏರಿಸಿದವರು, ಕೆಸರಲ್ಲಿ ಪೈಪು ಹೊತ್ತು ಜೆಟ್ ಬದಲಿಸಿದವರು ನೀವೂ ಅಲ್ಲ, ನಿಮ್ಮ ಅಣ್ಣನೂ ಅಲ್ಲ. ಅವರು ತೋಟದ ಕೆಲಸದವರ ಲೈನ್ ಮನೆಯ ಯರವರು, ಜೇನು ಕುರುಬರು, ತಮಿಳು ಕುಟುಂಬಗಳು, ಈಚೆಗೆ ಅಸ್ಸಾಮಿನಿಂದ ಬಂದವರು. ಕಾವೇರಿ ದಡದಲ್ಲಿ ಮನೆ ಕಳೆದುಕೊಂಡವರಲ್ಲೂ ಹೆಚ್ಚಿನವರು ತೋಟದ ಕೂಲಿಯವರೇ. ಹಂಚಿಕೊಳ್ಳುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಸಂತೆಗೆ ಹೋಗುವ ಒಂದು ಜೀಪಿನಲ್ಲಿ ಎಷ್ಟು ಜನ ಕೂರಬಹುದೆಂದು ನೋಡಿದರೆ ತಿಳಿಯುತ್ತದೆ. ಆದರೆ ನಮ್ಮ ಬಾಕಿ ಪುಸ್ತಕದಲ್ಲಿ ಅವರ ಹೆಸರಿಗೆ ಬರೆದಿರುವುದು ಮುಂಗಡದ ಸಾಲ ಮಾತ್ರ. ನಾವು ಅವರಿಗೆ ಕೊಡಬೇಕಾದದ್ದಕ್ಕೆ ಅದರಲ್ಲಿ ಕಾಲಂ ಇಲ್ಲ.

ಬೆಳಿಗ್ಗೆ ಮಂಜಿನಲ್ಲಿ ಆನೆಗೆ ಮೊದಲು ಎದುರಾಗುವವರೂ ಅವರೇ. ಸಂದೇಶ ತೋಟದ ಲೆಕ್ಕ ಬರೆಯುವ ರೈಟರ್ ಫೋನಿಗೆ ಬರುವಷ್ಟರಲ್ಲಿ ಅವರು ಕಾಲುದಾರಿಯಲ್ಲಿ ಅರ್ಧ ನಡೆದಿರುತ್ತಾರೆ. ಆದ್ದರಿಂದ ತೋಟ ಕೊಂಡ ಮೊದಲ ವಾರವೇ ಮಾಡಬೇಕಾದ ಜೋಡಣೆ: ಪ್ರತಿ ಲೈನಿನಿಂದ ಇಬ್ಬರ ನಂಬರನ್ನು ಆನೆ ಗ್ರೂಪಿಗೆ ಸೇರಿಸಿ, ಓದಲು ಬಾರದವರಿಗೆ ಧ್ವನಿ ಸಂದೇಶ ಕಳಿಸಿ, ಆನೆ ಸುದ್ದಿ ಇದ್ದ ದಿನ ಬೆಳಕು ಹರಿದ ಮೇಲೆಯೇ ಕೆಲಸ ಶುರು ಮಾಡಿ, ಆ ಗಂಟೆಯ ಕೂಲಿ ಹಿಡಿಯಬೇಡಿ. ಗ್ರೂಪು ಗಿಜಿಗುಟ್ಟುತ್ತದೆ ಎಂದು ಯಾರಾದರೂ ಗೊಣಗಿದರೆ, ದಿನಾ ಗುಲಾಬಿ ಹೂವಿನ ಶುಭೋದಯ ಕಳಿಸುವವರನ್ನು ಮೊದಲು ತೆಗೆಯಿರಿ.