ಸ್ಯಾಂಪಲ್ ಸರ್

ಕಂಕುಳಲ್ಲಿ ಫೈಲು, ಕಿಸೆಯಲ್ಲಿ ಎರಡು ಪೆನ್ನು. ಇವರು ಓಣಿಗೆ ಕಾಲಿಟ್ಟರೆ ಮಂದಿ ಮೆಲ್ಲಗೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಸಾಲ ವಸೂಲಿಯವರಲ್ಲ, ಪಂಚಾಯ್ತಿ ಲೈಬ್ರರಿಯ ಸರ್. ಬೇವೂರಿನ ಸುತ್ತ ಯಾವ ಊರಿಗೆ ಹೋದರೂ ಇಂಥವರೊಬ್ಬರು ಸಿಕ್ಕಾರು. ಬೋರ್ಡು ‘ಅರಿವು ಕೇಂದ್ರ’ ಆದಾಗಲೂ ಬದಲಾಗದ ಸರ್, ದೂರಶಿಕ್ಷಣದ ಎಂ.ಲಿಬ್.ಗೆ ಸಂಶೋಧನಾ ವಿಧಾನ ಓದಿದ ಮೇಲೆ ಪೂರ್ತಿ ಬದಲಾದರು.

ಅವರ ಈಗಿನ ಮನೆದೇವರು ಕ್ರೆಜ್ಸಿ ಮತ್ತು ಮಾರ್ಗನ್. ಸದಸ್ಯರು 500 ಇದ್ದರೆ 217 ಜನರನ್ನು ಕೇಳಿ, ಸಾವಿರ ಇದ್ದರೆ 278 ಸಾಕು ಎಂದು 1970ರಲ್ಲೇ ಕೋಷ್ಟಕ ಬರೆದಿಟ್ಟ ಪುಣ್ಯಾತ್ಮರು. ಮಂದಿ ಇಮ್ಮಡಿಯಾದರೂ ತಿರುಗಾಟ ಇಮ್ಮಡಿಯಾಗದು!

ಚೀಟಿ ಎತ್ತಿ ಆರಿಸಿದ ಹೆಸರು ಹಿಡಿದು ಹೋದರೆ ಆ ಮನುಷ್ಯ ಮಂಗಳೂರಿಗೆ ದುಡಿಯಲು ಹೋಗಿರುತ್ತಾನೆ.

“ನಾ ಅವನ ತಮ್ಮರಿ. ನನಗ ಕೇಳ್ರಿ.”

“ನೀ ಸ್ಯಾಂಪಲ್‌ನಾಗ ಬಂದಿಲ್ಲಪಾ.”

“ಒಂದ ಹೊಟ್ಟ್ಯಾಗ ಹುಟ್ಟೀವ್ರಿ!”

ಲಿಕರ್ಟ್ 1932ರಲ್ಲಿ ಕೊಟ್ಟ ಅಳತೆಗೋಲಿಗೆ ಸಾಮಾನ್ಯವಾಗಿ ಐದು ಮೆಟ್ಟಿಲು: ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸುತರಾಂ ಒಪ್ಪುವುದಿಲ್ಲ’ದವರೆಗೆ. ಮನೆಗೆ ಬಂದವರ ಮುಂದೆ ಕೆಟ್ಟದ್ದು ಆಡದ ನಮ್ಮ ಸೀಮೆಯನ್ನು ಆತ ನೋಡಿರಲಿಕ್ಕಿಲ್ಲ.

“ಲೈಬ್ರರಿ ಹೆಂಗೈತ್ರಿ?”

“ಭಾಳ ಚಲೋ ಐತ್ರಿ. ಕುಂದರ್ರಿ, ಚಾ ಕುಡೀರಿ.”

“ವಾರಕ್ಕ ಎಷ್ಟ ಸಲ ಬರ್ತೀರಿ?”

“ಇನ್ನೂ ಒಳಗ ಕಾಲಿಟ್ಟಿಲ್ರಿ.”

ಸರ್ ಐದಕ್ಕೆ ಟಿಕ್ ಹಾಕಿ ಚಾ ಕುಡಿದರು. ಹೀಗೆ ಹಾಳೆಗಳೆಲ್ಲ ಒಂದೇ ಉತ್ತರ ಹೊತ್ತು ಬಂದವು. “ಎಲ್ಲಾರೂ ಐದ ಅಂದ್ರ ಕೈ-ಸ್ಕ್ವೇರ್ ಯಾತಕ್ಕ ಹಾಕ್ತೀರಿ?” ಎಂದು ಗೈಡು ಹಾಳೆಗಳನ್ನು ವಾಪಸ್ ಕೊಟ್ಟರು.

ಗೋಡೆಯ ಮೇಲೆ ರಂಗನಾಥನ್ ಫೋಟೋ ಇದೆ. ಆಗಸ್ಟ್ 12ಕ್ಕೆ ತಪ್ಪದೆ ಮಾಲೆ ಬೀಳುತ್ತದೆ. ಗಣಿತದ ಮೇಷ್ಟ್ರಾಗಿದ್ದು ಗ್ರಂಥಪಾಲರಾದ ಆ ಮನುಷ್ಯ 1931ರಲ್ಲಿ ಗ್ರಂಥಾಲಯದ ಐದು ಸೂತ್ರ ಹೇಳಿದರು, ಒಂದರಲ್ಲೂ ಶೇಕಡಾವಾರು ಇಲ್ಲ. ಓದುಗರ ಸಮಯ ಉಳಿಸಿ ಎಂಬುದು ನಾಲ್ಕನೆಯದು. ಅದೇ ಫೋಟೋದ ಕೆಳಗೆ ಕೂತು ಸರ್ ಪ್ರಶ್ನಾವಳಿಯನ್ನು ಎಂಟು ಪುಟಕ್ಕೆ ಬೆಳೆಸಿದರು. ಪೈಲಟ್ ಸ್ಟಡಿಗೆ ಮೊದಲು ಸಿಕ್ಕವಳು ಪಿಡಿಓ ಪರೀಕ್ಷೆಯ ಪುಸ್ತಕ ಕೇಳಿ ಬಂದ ಹುಡುಗಿ. ‘ಪುಸ್ತಕ ಕೈಗೆ ಸಿಗಲು ಎಷ್ಟು ಹೊತ್ತು ಕಾಯುತ್ತೀರಿ?’ ಎಂಬಲ್ಲಿ ಆಕೆ ಬರೆದಳು: ‘ಈ ಹಾಳಿ ತುಂಬೋದು ಮುಗಿಯೂಮಟ.’

ಸರ್ ಓದಿದರು. ಅಂಚಿನಲ್ಲಿ ಪೆನ್ಸಿಲಿನಿಂದ ‘ಔಟ್‌ಲೈಯರ್’ ಎಂದು ಗುರುತು ಹಾಕಿದರು.

“ಅದೆಲ್ಲಾ ಇರ್ಲಿ ತಂಗಿ, ಒಂದರಿಂದ ಐದರೊಳಗ ಎಷ್ಟು, ಅದನ್ನ ಹೇಳವಾ.”