ಕೈ ಮುಗಿದ ಮಾಡು

ನಾಗೋಯಾದಲ್ಲಿರುವ ಮಗನ ಮನೆಗೆ ನಾವು ಹೋದ ನಾಲ್ಕನೆಯ ದಿನ, ಪಕ್ಕದ ಮನೆಯಾಕೆ ಒಂದು ಸ್ಟೀಲ್ ಡಬ್ಬಿ ಹಿಡಿದು ಬಾಗಿಲಿಗೆ ಬಂದರು. ಡಬ್ಬಿ ನಮ್ಮದೇ. ಹಿಂದಿನ ದಿನ ನನ್ನ ಹೆಂಡತಿ ಅದರಲ್ಲಿ ಕೋಡುಬಳೆ ತುಂಬಿಸಿ ಕೊಟ್ಟಿದ್ದಳು. ಈಗ ಒಳಗೆ, ಒಂದೊಂದನ್ನೂ ಕಾಗದದಲ್ಲಿ ಸುತ್ತಿಟ್ಟ ಅಕ್ಕಿಯ ಬಿಸ್ಕತ್ತುಗಳಿದ್ದವು. "ನೋಡಿದ್ರಾ, ಖಾಲಿ ಪಾತ್ರೆ ವಾಪಸ್ ಕೊಡಬಾರದು ಅಂತ ಇವರಿಗೂ ಗೊತ್ತು!" ಎಂದಳು. ಅಲ್ಲಿಯವರೆಗೆ ಅವಳಿಗೆ ಜಪಾನಿನ ಮೇಲೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಸಾರಿನ ನೀರಿಗೂ ಮೀನು ಹಾಕುವ ದೇಶ ಎಂಬುದೊಂದು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತ್ತು. ಡಬ್ಬಿ ಬಂದ ಮೇಲೆ ಮುಳ್ಳು ಅರ್ಧ ಕಿತ್ತುಬಂತು.

ಮಗ ರಜೆ ಹಾಕಿ ನಮ್ಮನ್ನು ಬೆಟ್ಟದ ಕಡೆ ಹೊರಡಿಸಿದ. ಹಿದಾ ಹೊಳೆಯನ್ನು ಬಿಡದೆ ಬಳುಕುತ್ತ ಹೋಗುವ ರೈಲು ಸುಮಾರು ಎರಡೂವರೆ ಗಂಟೆಯಲ್ಲಿ ತಕಾಯಾಮಾ ಮುಟ್ಟಿಸಿತು. "ವಿಸ್ತೀರ್ಣದಲ್ಲಿ ಇದು ಜಪಾನಿಗೇ ದೊಡ್ಡ ನಗರ, ಅಪ್ಪ" ಎಂದ. ಇಳಿದು ನೋಡಿದರೆ ನಮ್ಮ ಸಾಗರ ಪೇಟೆಗಿಂತ ತುಸು ದೊಡ್ಡದು, ಅಷ್ಟೆ. ವಿಷಯ ಏನೆಂದರೆ, 2005ರಲ್ಲಿ ಸುತ್ತಲಿನ ಊರುಗಳನ್ನೆಲ್ಲ ಒಳಗೆ ಹಾಕಿಕೊಂಡು ಅದು 2,177 ಚದರ ಕಿಲೋಮೀಟರ್ ಆಗಿ ಕೂತಿದೆ, ಅದರಲ್ಲಿ ಶೇ. 90ಕ್ಕೂ ಹೆಚ್ಚು ಕಾಡು. ಮರಗಳನ್ನೆಲ್ಲ ಪುರವಾಸಿಗಳೆಂದು ಹಿಡಿದರೆ ನಮ್ಮ ಮಲೆನಾಡಿನ ಎಷ್ಟೋ ಹೋಬಳಿಗಳು ಮಹಾನಗರಗಳೇ.

ಹಳೆಯ ಪೇಟೆಯ ಬೀದಿಗಳಲ್ಲಿ ಕಪ್ಪು ಮರದ ಮನೆಗಳು, ಮನೆಯ ಮುಂದೆ ತೆಳ್ಳಗೆ ಹರಿಯುವ ಕಾಲುವೆ. ಕೆಲವು ಅಂಗಡಿಗಳ ಸೂರಿನಡಿ ಕುಂಬಳಕಾಯಿ ಗಾತ್ರದ ಉಂಡೆಗಳು ನೇತಾಡುತ್ತಿದ್ದವು. "ಪಾಪ, ಇವರಿಗೂ ದೃಷ್ಟಿಯ ಭಯ" ಎಂದು ನನ್ನಾಕೆ ನಿಂತು ನೋಡಿದಳು. ಮಗ ಬಾಯಿ ಬಿಡಲಿಲ್ಲ. ಬೋರ್ಡಿನ ಚಿತ್ರದಿಂದ ನನಗೇ ಗೊತ್ತಾಯಿತು: ಅದು ಸೀಡರ್ ಮರದ ಸೊಪ್ಪಿನ ಉಂಡೆ, ಸಾಕೆ ಮದ್ಯ ಮಾಡುವವರ ಗುರುತು. ಹೊಸ ಸಾಕೆ ಸಿದ್ಧವಾದಾಗ ಹಸಿರು ಉಂಡೆ ತೂಗುಹಾಕುತ್ತಾರೆ. ಅದು ಒಣಗಿ ಕಂದಾಗುತ್ತ ಹೋದಂತೆ ಒಳಗಿನ ಸರಕು ಹದಕ್ಕೆ ಬಂದಿದೆ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ನಾವು ನೋಡಿದ ಉಂಡೆ ಚೆನ್ನಾಗಿ ಕಂದಾಗಿತ್ತು. ಆ ಮಾತನ್ನು ನಾನು ನನ್ನಲ್ಲೇ ಇಟ್ಟುಕೊಂಡೆ.

ಊರಿನ ಹಳೆಯ ಸರ್ಕಾರಿ ಕಚೇರಿಯ ಹೆಸರು ಜಿನ್ಯಾ. 1692ರಲ್ಲಿ ತೊಕುಗಾವಾ ಶೋಗುನರು ಕಾಡು ಮತ್ತು ಗಣಿಯ ಆಸೆಗೆ ಹಿದಾ ಸೀಮೆಯನ್ನು ನೇರ ತಮ್ಮ ಕೈಗೆ ತೆಗೆದುಕೊಂಡ ಮೇಲೆ ಅವರ ಅಧಿಕಾರಿಗಳು ಕೂತು ಆಳಿದ್ದು ಇಲ್ಲಿಂದ. ಆಮೇಲೆ ಬಂದ ಸರ್ಕಾರಗಳೂ 1969ರವರೆಗೆ ಇದನ್ನು ಕಚೇರಿಯಾಗಿಯೇ ಬಳಸಿದವು. ಬಾಗಿಲಲ್ಲಿ ಚಪ್ಪಲಿ ಬಿಚ್ಚಿಸಿ, ಒಂದು ಪ್ಲಾಸ್ಟಿಕ್ ಚೀಲ ಕೊಟ್ಟು, ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗಿ ಎನ್ನುತ್ತಾರೆ. ಸರ್ಕಾರಿ ಕಚೇರಿಗೆ ಅಲೆದು ಚಪ್ಪಲಿ ಸವೆಸಿದವನು ನಾನು; ಚಪ್ಪಲಿ ಸವೆಯದಂತೆ ಕಚೇರಿ ಸುತ್ತಿದ್ದು ಜೀವನದಲ್ಲಿ ಅದೇ ಮೊದಲು. ಮೊಳೆಯ ತಲೆ ಕಾಣದಿರಲೆಂದು ಮೊಲದ ಮುಖದ ಮುಚ್ಚಿಗೆ ಹಾಕಿದ್ದಾರೆ, ಬಹಳ ಮುದ್ದಾಗಿದೆ. ಅದೇ ಕಟ್ಟಡದಲ್ಲಿ ವಿಚಾರಣೆಯ ಕೋಣೆಯೂ ಇದೆ: ಆರೋಪಿಯನ್ನು ಏಣುಗಳಿರುವ ಹಲಗೆಯ ಮೇಲೆ ಮೊಣಕಾಲೂರಿಸಿ ತೊಡೆಯ ಮೇಲೆ ಕಲ್ಲು ಹೇರುತ್ತಿದ್ದರು. ಮೊಲವನ್ನೂ ಕಲ್ಲನ್ನೂ ಒಂದೇ ಕಚೇರಿ ಮಂಜೂರು ಮಾಡಿರಬೇಕು.

ಮೊಳೆಗೂ ಮುಖ ಕೊಟ್ಟ ಊರು ತನ್ನ ಗೊಂಬೆಗೆ ಮಾತ್ರ ಕೊಟ್ಟಿಲ್ಲ. ಸರುಬೊಬೊ, ಅಂದರೆ ಕೋತಿಮರಿ, ಅಂಗಡಿ ಅಂಗಡಿಯಲ್ಲೂ ಕೆಂಪಗೆ ನೇತಾಡುತ್ತದೆ. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಹಿಂದೆ ಅಜ್ಜಿಯರು ಮೊಮ್ಮಕ್ಕಳಿಗೆ ಹೊಲಿದುಕೊಡುತ್ತಿದ್ದರಂತೆ. ನನ್ನಾಕೆಗೆ ಅದು ತುಂಬ ಹಿಡಿಸಿತು. "ಮುಖ ಇಲ್ಲದ್ದೇ ಒಳ್ಳೇದು. ನಾಮಕರಣದ ದಿನ ಮಗು ಯಾರ ಹಾಗಿದೆ ಅಂತ ಎರಡೂ ಕಡೆಯವರು ಜಗಳ ಆಡೋದು ತಪ್ಪುತ್ತೆ" ಎಂದಳು. ಮಗ ಮುಂದಿನ ಅಂಗಡಿಗೆ ಸರಿದ. ಅವನಿಗಿನ್ನೂ ಮದುವೆಯಾಗಿಲ್ಲ.

ಮಾರನೆಯ ದಿನ ಬಸ್ಸು. ಬೆಟ್ಟದ ಹೊಟ್ಟೆಯೊಳಗೆ 10.7 ಕಿಲೋಮೀಟರ್ ಸುರಂಗ, 2008ರಲ್ಲಿ ತೆರೆದದ್ದು. ಈ ಕಡೆ ಕತ್ತಲಿಗೆ ಹೊಕ್ಕು, ಒಂದು ನಿದ್ದೆ ತೆಗೆದು, ಆ ಕಡೆ ಎದ್ದರೆ ಶಿರಕಾವಾ-ಗೋ. ಕಣಿವೆಯ ಗದ್ದೆಗಳ ನಡುವೆ ಎತ್ತರೆತ್ತರದ ಹುಲ್ಲಿನ ಮಾಡುಗಳು, ಸುಮಾರು 60 ಡಿಗ್ರಿ ಇಳಿಜಾರು. ಈ ಕಟ್ಟುವಿಕೆಗೆ 'ಗಶ್ಶೋ' ಎಂದು ಹೆಸರು. "ಹಾಗಂದ್ರೆ?" ಎಂದು ಕೇಳಿದ್ದಕ್ಕೆ ಮಗ ಬಾಯಲ್ಲಿ ಹೇಳದೆ ಎರಡೂ ಕೈ ಜೋಡಿಸಿ ತೋರಿಸಿದ. ನನ್ನಾಕೆ ಅಭ್ಯಾಸಬಲದಿಂದ ತಿರುಗಿ ಕೈ ಮುಗಿದಳು. ಮನೆಗಳೆಲ್ಲ ಬಂದವರಿಗೆ ಕೈ ಮುಗಿದು ನಿಂತಿದ್ದರೆ, ಬಂದವರು ಫೋನು ಎತ್ತಿ ಹಿಡಿದು ಬೆನ್ನು ತೋರಿಸಿ ನಿಂತಿದ್ದರು.

ಓಗಿಮಾಚಿ ಹಳ್ಳಿಯ ಒಂದು ಮನೆಯೊಳಗೆ ಹೊಕ್ಕೆವು. ನೆಲದ ನಡುವೆ ತಗ್ಗಿನಲ್ಲಿ ಬೆಂಕಿ, ಮೇಲೆಲ್ಲ ಮಸಿ. ಮಸಿ ಕಂಡದ್ದೇ ನನಗೆ ನಮ್ಮಜ್ಜಿಯ ಅಡುಗೆಮನೆಯ ಇಲ್ಲಣ ನೆನಪಾಯಿತು. ಅದನ್ನು ಹೊಡೆದು ಹೊಡೆದು ಅಜ್ಜಿಯ ಸೊಂಟ ಬಿದ್ದುಹೋಗಿತ್ತು. ಇಲ್ಲಿ ಅದನ್ನು ಬೇಕೆಂದೇ ಬೆಳೆಸುತ್ತಾರೆ. ಹೊಗೆ ಏರಿ ಹುಲ್ಲನ್ನೂ ಹಗ್ಗವನ್ನೂ ಒಣಗಿಸಿ ಹುಳು ಹಿಡಿಯದಂತೆ ಕಾಯುತ್ತದೆ. ಮಾಡಿನಲ್ಲಿ ಮೊಳೆಯೇ ಇಲ್ಲ. ಹುಲ್ಲಿನ ಹಗ್ಗ ಮತ್ತು ಎಳೆ ಮರದ ಬಳ್ಳಿಯಂಥ ಕಡ್ಡಿಗಳಿಂದ ಬಿಗಿದ ಕಟ್ಟು. ಹಿಮದ ಭಾರಕ್ಕೂ ಗಾಳಿಗೂ ತುಸು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಮಾಡಿನಡಿಯ ಅಂತಸ್ತಂತಸ್ತಿನ ಅಟ್ಟಗಳಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದರು. ಕೆಳಗಿನ ಬೆಂಕಿಯ ಕಾವು ಹುಳಕ್ಕೂ ಸಿಗುತ್ತಿತ್ತು. ರೇಷ್ಮೆ ಎಂದದ್ದೇ ನನಗೆ ಬೆಂಗಳೂರು ನೆನಪಾಯಿತು. ಅಲ್ಲಿನ ಬಸವನಗುಡಿಯಲ್ಲಿ ಜಮ್‌ಶೆಟ್‌ಜಿ ಟಾಟಾ ಜಪಾನಿನ ತಜ್ಞರನ್ನು ಕರೆಸಿ ರೇಷ್ಮೆ ಫಾರಂ ಮಾಡಿಸಿದ್ದರು. ಈಗ ಹುಳು ಹೋಗಿ ಟಾಟಾ ಸಿಲ್ಕ್ ಫಾರಂ ಎಂಬ ಹೆಸರಷ್ಟೇ ಇದೆ, ಪಕ್ಕದಲ್ಲಿ ನನ್ನ ನಾದಿನಿಯ ಫ್ಲ್ಯಾಟು ಇದೆ. ಅಟ್ಟದಿಂದಿಳಿಯುವಾಗ ನಾದಿನಿಯ ಧ್ಯಾನದಲ್ಲಿದ್ದು ತೊಲೆಗೆ ತಲೆ ಹೊಡೆಸಿಕೊಂಡೆ. ಎಂದು ಹೆಂಡತಿಯ ಆರೋಪ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಈ ಮಾಡಿನ ಹುಲ್ಲನ್ನು 30-40 ವರ್ಷಕ್ಕೊಮ್ಮೆ ಬದಲಿಸಬೇಕು. ಒಂದು ಮನೆಯವರ ಕೈಯಲ್ಲಾಗುವ ಕೆಲಸವಲ್ಲ. ಊರಿನ ನೂರು, ಇನ್ನೂರು ಜನ ಏರಿ ಸಾಲಾಗಿ ನಿಂತು ಒಂದೆರಡು ದಿನದಲ್ಲಿ ಹೊದಿಸಿ ಇಳಿಯುತ್ತಾರೆ, ಕೂಲಿ ಇಲ್ಲ. ನಾಳೆ ಅವರ ಮನೆಗೆ ನೀವು ಹೋಗಬೇಕು. ಇದಕ್ಕೆ ಅವರು 'ಯುಯಿ' ಎನ್ನುತ್ತಾರೆ. ಮಗ ಆ ಪದ ಹೇಳಿದಾಗ ನಾನು "ಮುಯ್ಯಿ ಅನ್ನು" ಎಂದು ತಿದ್ದಿದೆ. "ಮುಯ್ಯಿ ಅಲ್ಲಪ್ಪ, ಯುಯಿ." ನಾನು ಬಿಡಲಿಲ್ಲ. ನಾಟಿ ಕಾಲದಲ್ಲಿ ನಮ್ಮೂರಲ್ಲಿ ಮುಯ್ಯಾಳು ಅಂತ ಇತ್ತಲ್ಲ, ನೀನು ನಮ್ಮ ಗದ್ದೆಗೆ, ನಾನು ನಿಮ್ಮ ಗದ್ದೆಗೆ! ಇಷ್ಟೇ ಅಲ್ಲ, ಯಾವ ಮನೆಯಿಂದ ಎಷ್ಟು ಹೊರೆ ಹುಲ್ಲು, ಎಷ್ಟು ಹಗ್ಗ, ಎಷ್ಟು ಆಳು ಬಂದಿತು ಎಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರಂತೆ. ನಮ್ಮ ಮದುವೆಮನೆಯ ಮುಯ್ಯಿಪಟ್ಟಿಯೇ! ನನ್ನ ಮದುವೆಯ ಪಟ್ಟಿ ಇನ್ನೂ ಪೆಟ್ಟಿಗೆಯಲ್ಲಿದೆ. ಅದರಲ್ಲಿ 5 ರೂಪಾಯಿ ಬರೆಸಿದವರ ಮಗಳ ಮದುವೆಗೆ ನಾನು ಹೋಗದೆ ಉಳಿದದ್ದು ಈಗಲೂ ಚುಚ್ಚುತ್ತದೆ.

ಈಗ ಅಲ್ಲಿನ ಹಳ್ಳಿಗಳಲ್ಲಿ ಜನ ಕಡಿಮೆ. ಎಷ್ಟೋ ಮಾಡುಗಳನ್ನು ಸರ್ಕಾರದ ನೆರವಿನಿಂದ, ಕೂಲಿ ಕೊಟ್ಟು, ಕಸಬುದಾರರಿಂದ ಹೊದಿಸುತ್ತಾರೆ. ಆದರೂ 1971ರಲ್ಲೇ ಓಗಿಮಾಚಿಯವರು ಮನೆ ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ ಎಂದು ಒಟ್ಟಾಗಿ ಕಟ್ಟುಮಾಡಿಕೊಂಡರು. ಯುನೆಸ್ಕೋ ಇತ್ತ ತಿರುಗಿ ನೋಡಿದ್ದು 1995ರಲ್ಲಿ.

ರಾತ್ರಿ ಉಳಿದದ್ದು ಇನ್ನೂ ಮುಂದೆ, ಗೋಕಾಯಾಮಾದ ಐನೊಕುರಾದಲ್ಲಿ. ಇಪ್ಪತ್ತು ಚಿಲ್ಲರೆ ಮನೆಗಳ ಹಳ್ಳಿ. ಸಂಜೆ ಬಸ್ಸು ಹೋದ ಮೇಲೆ ಹೊಳೆಯ ಸದ್ದು ಮಾತ್ರ. ನಮಗೆ ಜಾಗ ಕೊಟ್ಟ ಮನೆಯ ಅಜ್ಜಿ ಹಗ್ಗದಲ್ಲಿ ಕಟ್ಟಿ ಒಯ್ದರೂ ಮುರಿಯದ ಇಲ್ಲಿನ ಗಟ್ಟಿ ತೋಫು ಬಡಿಸಿದರು. ನನ್ನಾಕೆಗೆ ಉಳಿದರ್ಧ ಮುಳ್ಳೂ ಹೋಯಿತು. ಹಿಂದಿನ ಕಾಲದಲ್ಲಿ ಈ ಮನೆಗಳ ನೆಲದಡಿಯ ಗುಂಡಿಯಲ್ಲಿ ಮಣ್ಣು, ಕಾಡುಸೊಪ್ಪು, ರೇಷ್ಮೆಹುಳುವಿನ ಹಿಕ್ಕೆ ಪದರ ಪದರವಾಗಿ ಹಾಕಿ, ವರ್ಷಗಟ್ಟಲೆ ಕೊಳೆಸಿ, ಮದ್ದಿನುಪ್ಪು ತೆಗೆದು ಕಾಗಾ ಸಂಸ್ಥಾನದ ದೊರೆಗೆ ಕೊಡುತ್ತಿದ್ದರೆಂದು ಮಗ ವಿವರಿಸಿದ. ಮೇಲೆ ರೇಷ್ಮೆ, ಕೆಳಗೆ ಕೋವಿಮದ್ದು, ನಡುವೆ ಸಂಸಾರ. ಊಟವಾದ ಮೇಲೆ ಅಜ್ಜಿ 'ಸಸರಾ' ತಂದು ತೋರಿಸಿದರು. ಮರದ 108 ಪಟ್ಟಿಗಳನ್ನು ಪೋಣಿಸಿದ ವಾದ್ಯ. ಕೈ ಬಳುಕಿಸಿದರೆ ಒಣ ತರಗೆಲೆ ತುಳಿದ ಹಾಗೆ 'ಜರ್' ಎನ್ನುತ್ತದೆ. 108 ಎಂದದ್ದೇ ನನ್ನಾಕೆ ಪಟ್ಟಿಗಳನ್ನು ಒಂದೊಂದಾಗಿ ಎಣಿಸಿ ನೋಡಿದಳು. ಸರಿಯಿತ್ತು.

ಬೆಳಿಗ್ಗೆ ಹೊರಡುವಾಗ ನನ್ನಾಕೆ ಕೊನೆಯ ಕೋಡುಬಳೆ ಡಬ್ಬಿಯನ್ನು ಅಜ್ಜಿಯ ಕೈಗಿಟ್ಟಳು. ಅಜ್ಜಿ ಅಲ್ಲೇ ಬೇರೆ ಪಾತ್ರೆಗೆ ಸುರಿದು, ಡಬ್ಬಿಗೆ ಕೆಂಪು ಮೂಲಂಗಿಯಂಥ ಗೆಡ್ಡೆಯ ಉಪ್ಪಿನಕಾಯಿ ತುಂಬಿಸಿ ತಿರುಗಿ ಕೊಟ್ಟರು. ಪುನಃ ಋಣ! ನನ್ನಾಕೆ ಚೀಲ ತಡಕಿದಳು. ಕೊಡಲು ಏನೂ ಉಳಿದಿರಲಿಲ್ಲ. ಪೆಚ್ಚಾಗಿ ಮಾಡಿನ ಕಡೆ ನೋಡಿ, ಇದರ ಹುಲ್ಲು ಮತ್ತೆ ಯಾವಾಗ ಬದಲಿಸೋದು ಅಂತ ಕೇಳು ಎಂದಳು. ಇನ್ನು ಇಪ್ಪತ್ತು ವರ್ಷ ತಡೆಯುತ್ತದೆ ಎಂದರಂತೆ ಅಜ್ಜಿ, ನಗುತ್ತ. ನನ್ನಾಕೆ ಬೆರಳು ಮಡಚಿ ನನ್ನ ವಯಸ್ಸು ಕೂಡಿಸಿ, ನನ್ನನ್ನು ಕೈಬಿಟ್ಟು, ಮಗನತ್ತ ತಿರುಗಿದಳು.

"ಬರ್ಕೊಂಡಿಡು. ಆಗ ನೀನು ಬಂದು ಒಂದು ದಿನ ಆಳಾಗಿ ದುಡೀಬೇಕು."

"ಅಮ್ಮ, ನಂಗೆ ಏಣಿ ಹತ್ತೋಕೇ ಭಯ" ಎಂದ ಅವನು.

"ಕೆಳಗೆ ನಿಂತು ಹುಲ್ಲು ಕೊಡು" ಎಂದು ಡಬ್ಬಿಯನ್ನು ಚೀಲಕ್ಕೆ ಸೇರಿಸಿದಳು.